ಡಾಕ್ಟರಮ್ಮನ ಟ್ರಂಕು: ಮನೆಯ ವೈದ್ಯೆ, ವಿಜ್ಞಾನಿಯ ಕಾಗದಪತ್ರ ಉಳಿಸುವುದು ಹೇಗೆ?

ಅಜ್ಜಿಯೋ, ದೊಡ್ಡಮ್ಮನೋ, ಸೋದರತ್ತೆಯೋ ಡಾಕ್ಟರಾಗಿದ್ದರು. ಇಲ್ಲವೇ ನರ್ಸ್ ಆಗಿದ್ದರು, ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಿದ್ದರು, ಕಾಲೇಜಿನಲ್ಲಿ ಬಾಟನಿ ಮೇಡಂ ಆಗಿದ್ದರು. ಅವರು ಹೋದ ಮೇಲೆ ಒಂದು ದಿನ ಮನೆ ಖಾಲಿ ಮಾಡುವ ಹೊತ್ತು ಬರುತ್ತದೆ. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಹಳೇ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವುದು ಈಗ ಜಾಸ್ತಿ ಅಲ್ವಾ? ಅಟ್ಟದ ಮೇಲಿಂದ ಟ್ರಂಕು ಇಳಿಯುತ್ತದೆ. ಮುಚ್ಚಳ ತೆಗೆದರೆ ಬರೀ ಕಾಗದ. "ಇದನ್ನೆಲ್ಲ ಇಟ್ಕೊಂಡು ಏನ್ ಮಾಡೋದು?" ಎಂದು ಮನೆಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ.

ನಮ್ಮ ಚಾಮರಾಜಪೇಟೆ ಮನೆಯಲ್ಲೂ ಕೇಳಿದರು. ದೊಡ್ಡಮ್ಮ ಸರ್ಕಾರಿ ಡಾಕ್ಟರಾಗಿದ್ದವರು. ತಾಲ್ಲೂಕು ಆಸ್ಪತ್ರೆಗಳನ್ನು ಸುತ್ತಿ, ಕೊನೆಗೆ ಬೆಂಗಳೂರಿಗೆ ಬಂದು ನಿವೃತ್ತರಾದವರು. ನಾವು ಅವರ ಡಿಗ್ರಿ ಸರ್ಟಿಫಿಕೇಟು ಇಟ್ಟುಕೊಂಡೆವು. ಚೌಕಟ್ಟು ಹಾಕಿದ ಒಂದು ಫೋಟೋ ಇಟ್ಟುಕೊಂಡೆವು. ಡೈರಿ, ನೋಟ್‌ಬುಕ್ಕು, ಹಳೇ ಫೈಲು ಎಲ್ಲ ಸೇರಿ ಎರಡು ಮೂಟೆ ಹಳೇ ಪೇಪರ್ ಅಂಗಡಿಗೆ ಹೋಯಿತು. ಕೆಲವು ತಿಂಗಳಾದ ಮೇಲೆ ಇತಿಹಾಸದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿಯೊಬ್ಬಳು ಮನೆಗೆ ಬಂದಳು. ಸರ್ಟಿಫಿಕೇಟನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟಳು. "ಡೈರಿ ಬರೀತಿದ್ರಾ ಆಂಟಿ? ಹೆರಿಗೆ ಕೇಸುಗಳನ್ನ ಎಲ್ಲಾದ್ರೂ ಬರೆದಿಡ್ತಿದ್ರಾ?" ಎಂದು ಕೇಳಿದಳು. ಅವಳು ಕೇಳಿದ್ದೆಲ್ಲ ಆ ಎರಡು ಮೂಟೆಯಲ್ಲಿತ್ತು. ಆ ನೋವು ನನಗೆ ಇನ್ನೂ ಇದೆ. ಅದೃಷ್ಟಕ್ಕೆ ಬಚ್ಚಲುಮನೆಯ ಮೇಲಿನ ಅಟ್ಟದಲ್ಲಿ ಇನ್ನೊಂದು ಟ್ರಂಕು ಉಳಿದಿತ್ತು. ಅದನ್ನು ಉಳಿಸುವಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಯಾವುದು ಮುಖ್ಯ?

ಇದೊಂದು ತಿಳಿದರೆ ಉಳಿದ ಕೆಲಸ ಸುಲಭ. ಜಗತ್ತಿನಲ್ಲಿ ಒಂದೇ ಪ್ರತಿ ಇರುವುದು ಯಾವುದೋ ಅದೇ ಮುಖ್ಯ. ಡಿಗ್ರಿ ಕೊಟ್ಟ ದಾಖಲೆ ವಿಶ್ವವಿದ್ಯಾಲಯದಲ್ಲಿ ಇರುತ್ತದೆ. ಅಚ್ಚಾದ ಲೇಖನ ಲೈಬ್ರರಿಯಲ್ಲಿ ಸಿಗುತ್ತದೆ. ಆದರೆ ನೈಟ್ ಡ್ಯೂಟಿ ಮುಗಿಸಿ ಬಂದು ಬರೆದ ಡೈರಿ ಬೇರೆಲ್ಲೂ ಇಲ್ಲ. ಲ್ಯಾಬ್ ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದ "ಇವತ್ತೂ ಸರಿಬರಲಿಲ್ಲ" ಎಂಬ ಸಾಲು ಬೇರೆಲ್ಲೂ ಇಲ್ಲ. ಮಗುವಿಗೆ ಹುಷಾರಿಲ್ಲವೆಂದು ರಜೆ ಕೇಳಿದ ಅರ್ಜಿಯ ಕಾರ್ಬನ್ ಕಾಪಿ, ವರ್ಗಾವಣೆ ಬೇಡವೆಂದು ಬರೆದ ಮನವಿ, ಹಾಸ್ಟೆಲ್ಲಿನಿಂದ ಅಪ್ಪನಿಗೆ ಬರೆದ ಕಾರ್ಡು, ಇವೆಲ್ಲ ಒಂದೊಂದೇ.

ಹೆಂಗಸರ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚು ನಿಜ. ವಿಜ್ಞಾನಿ ಅಣ್ಣಾ ಮಣಿಯವರ ಕಥೆ ನೋಡಿ. 1940ರಲ್ಲಿ ಅವರು ನಮ್ಮೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಸಿ.ವಿ. ರಾಮನ್ ಅವರ ಲ್ಯಾಬಿಗೆ ಬಂದರು. ವಜ್ರ, ಮಾಣಿಕ್ಯಗಳಿಂದ ಹೊಮ್ಮುವ ಬೆಳಕಿನ ಮೇಲೆ ಕೆಲಸ ಮಾಡಿದರು. ಒಬ್ಬರೇ ಬರೆದ ಐದು ಲೇಖನ ಅಚ್ಚಾದವು. 1945ರಲ್ಲಿ ಮದರಾಸು ವಿಶ್ವವಿದ್ಯಾಲಯಕ್ಕೆ ಪಿಎಚ್‌ಡಿ ಪ್ರಬಂಧ ಒಪ್ಪಿಸಿದರು. ಎಂ.ಎಸ್ಸಿ. ಇಲ್ಲ ಎಂಬ ಕಾರಣ ಹೇಳಿ ಪದವಿ ಕೊಡಲಿಲ್ಲ. ಮುಂದೆ ಹವಾಮಾನ ಇಲಾಖೆಯಲ್ಲಿ ದೊಡ್ಡ ಹೆಸರು ಮಾಡಿದರು, ನಿವೃತ್ತಿಯ ನಂತರ ಬೆಂಗಳೂರಿಗೇ ಬಂದು ಗಾಳಿಯ ವೇಗ, ಬಿಸಿಲಿನ ಶಕ್ತಿ ಅಳೆಯುವ ಉಪಕರಣಗಳ ಕೆಲಸ ಮುಂದುವರಿಸಿದರು. ಆದರೆ ಆ ಪದವಿ ಬರಲೇ ಇಲ್ಲ. ಸರ್ಟಿಫಿಕೇಟು ಹುಡುಕಿದರೆ ಸಿಗುವುದಿಲ್ಲ. ಪ್ರಬಂಧ ಮಾತ್ರ ರಾಮನ್ ಸಂಶೋಧನಾ ಸಂಸ್ಥೆಯ ಲೈಬ್ರರಿಯಲ್ಲಿ ರಟ್ಟು ಹಾಕಿಸಿಕೊಂಡು ಉಳಿಯಿತು. ಬೇರೆ ಪ್ರಬಂಧಗಳ ಪಕ್ಕದಲ್ಲಿ ಅದೂ ಒಂದು. ಯಾರೋ ಅದನ್ನು ಎಸೆಯದೇ ಇದ್ದದ್ದರಿಂದ ಅವರ ದುಡಿಮೆ ಇವತ್ತು ಕಣ್ಣಿಗೆ ಕಾಣುತ್ತದೆ.

ಇನ್ನೊಂದು ಉದಾಹರಣೆ ದೂರದ್ದು. ಆನಂದಿಬಾಯಿ ಜೋಶಿ 1886ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ವೈದ್ಯೆಯಾದರು. ಮರುವರ್ಷವೇ ತೀರಿಕೊಂಡರು. ಆಗ ಅವರಿಗೆ 22 ಕೂಡ ತುಂಬಿರಲಿಲ್ಲ. ಸೀರೆಯುಟ್ಟ ಅವರು, ಪಕ್ಕದಲ್ಲಿ ಜಪಾನಿನ ಮತ್ತು ಸಿರಿಯಾದ ಸಹಪಾಠಿಗಳು ಇರುವ 1885ರ ಫೋಟೋ ನೀವೂ ನೋಡಿರಬಹುದು. ಅವರು ಓದಿದ ಮಹಿಳಾ ವೈದ್ಯಕೀಯ ಕಾಲೇಜಿನ ಕಾಗದಪತ್ರಗಳನ್ನು ಈಗ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಪತ್ರಾಗಾರ, ಅಂದರೆ ಹಳೇ ದಾಖಲೆ ಕಾಯ್ದಿಡುವ ಆರ್ಕೈವ್ಸ್, ಜೋಪಾನ ಮಾಡುತ್ತಿದೆ. ಕಾಲೇಜು ತನ್ನ ವಿದ್ಯಾರ್ಥಿನಿಯರ ಕಾಗದ ಇಟ್ಟುಕೊಂಡಿತ್ತು, ಅದಕ್ಕೇ ಆ ಚಿತ್ರ ನಮಗೆ ಸಿಕ್ಕಿತು.

ಹೆಜ್ಜೆ 1: ಟ್ರಂಕು ತೆಗೆಯಿರಿ, ಏನನ್ನೂ ಕದಲಿಸಬೇಡಿ

ಮುಚ್ಚಳ ತೆಗೆದ ತಕ್ಷಣ ಅಚ್ಚುಕಟ್ಟು ಮಾಡುವ ಆಸೆ ಬರುತ್ತದೆ. ತಡೆದುಕೊಳ್ಳಿ. ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಟ್ರಂಕು ಇದ್ದ ಜಾಗ, ತೆಗೆದಾಗ ಕಂಡ ಮೇಲಿನ ಪದರ, ಒಂದೊಂದು ಕಟ್ಟು, ಎಲ್ಲದರ ಫೋಟೋ ಬೇಕು.

ಯಾಕೆ ಅಂದರೆ, ಅವರು ಜೋಡಿಸಿಟ್ಟ ಕ್ರಮವೇ ಒಂದು ದಾಖಲೆ. ದೊಡ್ಡಮ್ಮನ ಟ್ರಂಕಿನಲ್ಲಿ ಒಂದು ವರ್ಗಾವಣೆ ಆದೇಶದ ಜೊತೆಗೆ ಬಸ್ ಟಿಕೆಟ್ಟು, ಮನೆ ಬಾಡಿಗೆ ರಸೀದಿ, ಅವರ ಅಮ್ಮ ಬರೆದ ಒಂದು ಇನ್‌ಲ್ಯಾಂಡ್ ಲೆಟರ್ ಒಂದೇ ದಾರದಲ್ಲಿ ಕಟ್ಟಿತ್ತು. ಬಿಡಿಬಿಡಿಯಾಗಿ ನೋಡಿದರೆ ನಾಲ್ಕೂ ರದ್ದಿ. ಒಟ್ಟಿಗೆ ನೋಡಿದರೆ, ಒಂಟಿ ಹೆಣ್ಣುಮಗಳು ಹೊಸ ಊರಿಗೆ ಡಾಕ್ಟರಾಗಿ ಹೋಗಿ ನೆಲೆ ನಿಂತ ಕಥೆ. ಆದೇಶವನ್ನೆಲ್ಲ ಒಂದು ಕಡೆ, ಪತ್ರವನ್ನೆಲ್ಲ ಒಂದು ಕಡೆ ಹಾಕಿದ್ದರೆ ಆ ಕಥೆ ಅಲ್ಲೇ ಮುಗಿದುಹೋಗುತ್ತಿತ್ತು. ಪತ್ರಾಗಾರದವರೂ ಇದೇ ನಿಯಮ ಪಾಲಿಸುತ್ತಾರೆ. ಒಬ್ಬರ ಕಾಗದವನ್ನು ಇನ್ನೊಬ್ಬರ ಕಾಗದದ ಜೊತೆ ಬೆರೆಸುವುದಿಲ್ಲ. ಇಟ್ಟವರ ಕ್ರಮವನ್ನು ಆದಷ್ಟೂ ಕೆಡಿಸುವುದಿಲ್ಲ.

ಈ ಕೆಲಸಕ್ಕೆ ಕಾಲವನ್ನೂ ನೋಡಿಕೊಳ್ಳಿ. ಬೆಂಗಳೂರಿನಲ್ಲಿ ಸಂಕ್ರಾಂತಿಯಿಂದ ಯುಗಾದಿವರೆಗೆ ಗಾಳಿ ಒಣಗಿರುತ್ತದೆ. ಅದೇ ಸರಿಯಾದ ಸಮಯ. ಸೆಪ್ಟೆಂಬರ್, ಅಕ್ಟೋಬರಿನ ಮಳೆಯಲ್ಲಿ ಕಾಗದ ಹರಡಿಕೊಂಡು ಕೂತರೆ ತೇವ ಹೀರಿಕೊಳ್ಳುತ್ತದೆ.

ಹೆಜ್ಜೆ 2: ಎಲ್ಲ ಹೆಸರುಗಳನ್ನೂ ಬರೆದುಕೊಳ್ಳಿ

ಇದು ಚಿಕ್ಕ ಕೆಲಸದಂತೆ ಕಾಣುತ್ತದೆ. ನನ್ನ ಮಟ್ಟಿಗೆ ಇಡೀ ಕೆಲಸದ ಬೀಗದಕೈ ಇದೇ.

ಗಂಡಸಿನ ಹೆಸರು ಹುಟ್ಟಿನಿಂದ ಕೊನೆಯವರೆಗೆ ಸಾಮಾನ್ಯವಾಗಿ ಒಂದೇ. ಹೆಣ್ಣುಮಕ್ಕಳ ಹೆಸರು ಹಾಗಲ್ಲ. ಸ್ಕೂಲಿನಲ್ಲಿ ಊರಿನ ಮತ್ತು ಅಪ್ಪನ ಇನಿಷಿಯಲ್ಲು. ಮದುವೆಯಾದ ಮೇಲೆ ಗಂಡನ ಹೆಸರೋ ಮನೆತನದ ಹೆಸರೋ. ಕೆಲವು ಮನೆಗಳಲ್ಲಿ ಮದುವೆಯ ದಿನ ಮೊದಲ ಹೆಸರನ್ನೇ ಬದಲಾಯಿಸುತ್ತಿದ್ದರು. ಕಚೇರಿಯ ಕಡತದಲ್ಲಿ ಒಮ್ಮೆ ಕುಮಾರಿ, ಒಮ್ಮೆ ಶ್ರೀಮತಿ, ಒಮ್ಮೆ ಬರೀ ಲೇಡಿ ಡಾಕ್ಟರ್. ಮನೆಯಲ್ಲಿ ಇನ್ನೇನೋ ಮುದ್ದಿನ ಹೆಸರು. ಊರಿನವರ ಬಾಯಲ್ಲಿ ಡಾಕ್ಟರಮ್ಮ.

ಭಾರತೀಯ ವಿಜ್ಞಾನ ಸಂಸ್ಥೆಯ ಹಳೇ ಕಡತದಲ್ಲಿ ವಿಜ್ಞಾನಿ ಕಮಲಾ ಸೊಹೊನಿಯವರನ್ನು ಆ ಹೆಸರಿನಲ್ಲಿ ಹುಡುಕಿದರೆ ಸಿಗುವುದು ಕಷ್ಟ. 1933ರಲ್ಲಿ ಹೆಣ್ಣೆಂಬ ಕಾರಣಕ್ಕೆ ಕಮಲಾ ಅವರನ್ನು ಸೇರಿಸಿಕೊಳ್ಳಲು ರಾಮನ್ ಒಪ್ಪಲಿಲ್ಲ. ಪಟ್ಟುಹಿಡಿದ ಮೇಲೆ ಷರತ್ತು ಹಾಕಿ ಸೇರಿಸಿಕೊಂಡರು. ಆಗ ಅವರ ಹೆಸರು ಕಮಲಾ ಭಾಗವತ್. ಮುಂದೆ 1939ರಲ್ಲಿ ಕೇಂಬ್ರಿಜ್‌ನಲ್ಲಿ ಪಿಎಚ್‌ಡಿ ಪಡೆದಾಗಲೂ ಅದೇ ಹೆಸರು. ಸೊಹೊನಿ ಆದದ್ದು ಮದುವೆಯ ನಂತರ. ಈ ಒಂದು ಸಂಗತಿ ಗೊತ್ತಿಲ್ಲದಿದ್ದರೆ ಇಬ್ಬರು ಬೇರೆ ಬೇರೆ ಹೆಂಗಸರು ಎಂದೇ ಅಂದುಕೊಳ್ಳಬಹುದು.

ಅದಕ್ಕೆ ಒಂದು ಹಾಳೆ ತೆಗೆದುಕೊಳ್ಳಿ. ಅವರ ಎಲ್ಲ ಹೆಸರು, ಎಲ್ಲ ಇನಿಷಿಯಲ್ಲು, ಕನ್ನಡ ಮತ್ತು ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ರೀತಿ, ಯಾವ ಹೆಸರು ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂದು ಬರೆಯಿರಿ. ಹುಟ್ಟಿದ ಊರು, ಓದಿದ ಸ್ಕೂಲು, ಕಾಲೇಜು, ಕೆಲಸ ಮಾಡಿದ ಊರುಗಳನ್ನೂ ವರ್ಷದ ಸಮೇತ ಸೇರಿಸಿ. ಓದಿನ ಜಾಗ ಬರೆಯುವಾಗ ಹುಷಾರು. ಮೈಸೂರು ಮೆಡಿಕಲ್ ಕಾಲೇಜು 1924ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲಿ. ಮೈಸೂರಿಗೆ ಹೋದದ್ದು 1930ರಲ್ಲಿ. ಅಜ್ಜಿ "ಮೈಸೂರು ಮೆಡಿಕಲ್ ಕಾಲೇಜು" ಅಂದ ಮಾತ್ರಕ್ಕೆ ಅವರು ಮೈಸೂರಿನಲ್ಲೇ ಇದ್ದರು ಎನ್ನಲಾಗದು. ಹಾಗೆಯೇ ಎಲ್.ಎಂ.ಪಿ. ಎಂದು ಕಂಡರೆ ಅದು ಎಂ.ಬಿ.ಬಿ.ಎಸ್. ಅಲ್ಲ, ಆ ಕಾಲದ ಬೇರೆ ಕೋರ್ಸು. ಇದ್ದದ್ದನ್ನು ಇದ್ದ ಹಾಗೇ ಬರೆಯಿರಿ.

ಹೆಜ್ಜೆ 3: ಧೂಳು, ಪಿನ್ನು, ಹುಳು

ಮೇಜಿನ ಮೇಲೆ ಒಗೆದು ಒಣಗಿಸಿದ ಬಿಳಿ ಪಂಚೆ ಹಾಸಿ. ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಕಾಗದಕ್ಕೆ ಕೈಗವಸು ಬೇಡ. ಗವಸು ಹಾಕಿದರೆ ಬೆರಳಿಗೆ ಹಾಳೆಯ ಅಂಚು ತಿಳಿಯದೆ ಹರಿಯುತ್ತದೆ. ಫೋಟೋ, ನೆಗೆಟಿವ್, ಗಾಜಿನ ಸ್ಲೈಡು ಮುಟ್ಟುವಾಗ ಮಾತ್ರ ಗವಸು ಬೇಕು.

ಮೆತ್ತನೆಯ ಬ್ರಷ್ಷಿನಿಂದ, ಹಾಳೆಯ ನಡುವಿನಿಂದ ಹೊರಗಡೆಗೆ ಧೂಳು ತೆಗೆಯಿರಿ. ಒದ್ದೆ ಬಟ್ಟೆ ಮುಟ್ಟಿಸಬೇಡಿ. ಗುಂಡುಪಿನ್ನು, ಸ್ಟೇಪಲ್ ಪಿನ್ನು, ಕ್ಲಿಪ್ಪು ತುಕ್ಕು ಹಿಡಿದು ಕಾಗದವನ್ನು ತಿಂದಿರುತ್ತವೆ. ಎಳೆಯಬೇಡಿ. ಹಿಂಬದಿಯಲ್ಲಿ ಪಿನ್ನಿನ ಕಾಲನ್ನು ಮೆಲ್ಲಗೆ ನೇರ ಮಾಡಿ, ಆಮೇಲೆ ತೆಗೆಯಿರಿ. ಒಟ್ಟಿಗೆ ಇದ್ದ ಹಾಳೆಗಳು ಒಟ್ಟಿಗೇ ಇರಲಿ. ಒಂದು ಬಿಳಿ ಹಾಳೆಯನ್ನು ಮಡಚಿ ಅದರೊಳಗೆ ಇಡಿ, ಸಾಕು. ರಬ್ಬರ್ ಬ್ಯಾಂಡ್ ಹಾಕಬೇಡಿ. ಅದು ಕರಗಿ ಅಂಟುತ್ತದೆ. ಅಗಲವಾದ ಬಿಳಿ ಹತ್ತಿಯ ಲಾಡಿ ಸಿಕ್ಕರೆ ಒಳ್ಳೆಯದು.

ಹರಿದದ್ದಕ್ಕೆ ಸೆಲ್ಲೋಟೇಪ್ ಬೇಡವೇ ಬೇಡ. ಕೆಲವೇ ವರ್ಷದಲ್ಲಿ ಟೇಪು ಉದುರುತ್ತದೆ, ಅದರ ಹಳದಿ ಅಂಟು ಮಾತ್ರ ಕಾಗದದಲ್ಲೇ ಉಳಿಯುತ್ತದೆ. ಲ್ಯಾಮಿನೇಷನ್ ಅದಕ್ಕಿಂತ ಕೆಟ್ಟದ್ದು. ನಾವು ದೊಡ್ಡಮ್ಮನ ನೇಮಕಾತಿ ಆದೇಶವನ್ನು ಪ್ರೀತಿಯಿಂದ ಲ್ಯಾಮಿನೇಟ್ ಮಾಡಿಸಿದೆವು. ಅದು ಇನ್ನು ಬಿಚ್ಚುವುದಿಲ್ಲ. ಬಿಸಿಗೆ ಇಂಕು ಒಂದು ಕಡೆ ಮಸುಕಾಗಿದೆ.

ಬೂಷ್ಟು ಕಂಡರೆ ಆ ಕಟ್ಟನ್ನು ತಕ್ಷಣ ಬೇರೆ ಮಾಡಿ. ಎನ್ 95 ಮಾಸ್ಕ್ ಹಾಕಿಕೊಳ್ಳಿ. ಉಬ್ಬಸ ಇರುವವರು ಈ ಕೆಲಸಕ್ಕೆ ಕೈಹಾಕಬೇಡಿ. ಗಾಳಿ ಆಡುವ ನೆರಳಿನಲ್ಲಿ ಪೂರ್ತಿ ಒಣಗಿಸಿ, ಆಮೇಲೆ ಹೊರಗಡೆ ನಿಂತು ಬ್ರಷ್ ಮಾಡಿ. ನೇರ ಬಿಸಿಲಿಗೆ ಇಟ್ಟರೆ ಇಂಕು ಹೋಗುತ್ತದೆ, ಹಾಳೆ ಗರಿಗರಿಯಾಗಿ ಒಡೆಯುತ್ತದೆ. ಮಳೆನೀರಿಗೆ ನೆಂದ ಕಾಗದಕ್ಕೆ ಸಮಯ ಕಮ್ಮಿ. ಎರಡು ದಿನದೊಳಗೆ ಬೂಷ್ಟು ಶುರುವಾಗುತ್ತದೆ. ಫ್ಯಾನಿನ ಕೆಳಗೆ ಹರಡಿ, ಹಾಳೆಗಳ ನಡುವೆ ಟಿಶ್ಯೂ ಇಡಿ, ಆಗಾಗ ಬದಲಿಸಿ.

ಜೀವಂತ ಹುಳು ಇದ್ದರೆ ಒಂದು ಉಪಾಯ ಇದೆ. ಒಣಗಿದ ಕಾಗದವನ್ನು ಗಾಳಿಯಾಡದಂತೆ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ಬಿಚ್ಚಿದರೆ ಕಾಗದದ ಮೇಲೆ ನೀರು ಕೂರುತ್ತದೆ. ಫೋಟೋ, ಗಾಜಿನ ವಸ್ತುಗಳಿಗೆ ಇದು ಸಲ್ಲದು. ನುಸಿಗುಳಿಗೆಯನ್ನು ಕಾಗದದ ನಡುವೆ ಇಡುವ ಅಭ್ಯಾಸ ಬಿಡಿ. ಅದರ ಆವಿ ನಿಮ್ಮ ಶ್ವಾಸಕ್ಕೂ ಒಳ್ಳೆಯದಲ್ಲ.

ಆಮೇಲೆ ರಟ್ಟಿನ ಡಬ್ಬಗಳಲ್ಲಿ ಹಾಕಿ, ನೆಲಕ್ಕೆ ತಾಗದಂತೆ ಬೀರುವಿನ ನಡು ಅರೆಯಲ್ಲಿ ಇಡಿ. ಸಿಕ್ಕರೆ ಆಸಿಡ್ ಇಲ್ಲದ ಕಾಗದ, ಡಬ್ಬ ಕೊಳ್ಳಿ. ನ್ಯೂಸ್‌ಪೇಪರಿನಲ್ಲಿ ಸುತ್ತಬೇಡಿ. ಅಟ್ಟ ಬೇಡ, ಬಚ್ಚಲಿನ ಗೋಡೆಗೆ ಹತ್ತಿದ ಬೀರು ಬೇಡ.

ಹೆಜ್ಜೆ 4: ಕಾಗದವಲ್ಲದ್ದು

ಡಾಕ್ಟರು, ವಿಜ್ಞಾನಿಗಳ ಮನೆಯಲ್ಲಿ ಬೇರೆ ಸಾಮಾನೂ ಸಿಗುತ್ತದೆ. ಇಸಿಜಿ ಪಟ್ಟಿ ಶಾಖಕ್ಕೆ ಕಪ್ಪಾಗುವ ಕಾಗದದ್ದಾದರೆ ದಿನೇ ದಿನೇ ಮಾಸುತ್ತಿರುತ್ತದೆ. ಅದನ್ನು ಮೊದಲು ಸ್ಕ್ಯಾನ್ ಮಾಡಿ. ಎಕ್ಸ್‌ರೇ ಫಿಲ್ಮಿನಲ್ಲಿ ಬೆಳ್ಳಿ ಇರುತ್ತದೆ, ಅದಕ್ಕಾಗಿಯೇ ಕೊಳ್ಳುವವರಿದ್ದಾರೆ. ಕೊಡಬೇಡಿ. ಅದರ ಮೇಲೆ ರೋಗಿಯ ಹೆಸರು ಇರುತ್ತದೆ. ಫಿಲ್ಮಿನ ಡಬ್ಬದಿಂದ ವಿನೆಗರ್ ವಾಸನೆ ಬಂದರೆ ಅದು ಕೆಡುತ್ತಿದೆ ಎಂದರ್ಥ. ಪಕ್ಕದ ಫಿಲ್ಮುಗಳಿಂದ ದೂರ ಇಡಿ.

ಬಾಟನಿ ಮೇಡಂ ಮನೆಯಾದರೆ ಒಣಗಿಸಿ ಅಂಟಿಸಿದ ಗಿಡಗಳ ಹಾಳೆ ಸಿಗಬಹುದು. ಹಿಂದೆ ಹುಳು ಬರದಿರಲೆಂದು ಅದಕ್ಕೆ ಪಾದರಸದ ವಿಷ ಸವರುತ್ತಿದ್ದರು. ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು ದೂರ ಇಡಿ. ಹಳೇ ಕೆಮಿಕಲ್ ಬಾಟಲಿ ಸಿಕ್ಕರೆ ಮುಚ್ಚಳ ತೆಗೆಯಬೇಡಿ. ಹತ್ತಿರದ ಕಾಲೇಜಿನ ಕೆಮಿಸ್ಟ್ರಿ ವಿಭಾಗವನ್ನು ಕೇಳಿ.

ಹೆಜ್ಜೆ 5: ರೋಗಿಗಳ ಗುಟ್ಟು ಕಾಯಿರಿ

ವೈದ್ಯೆಯ ನೋಟ್‌ಬುಕ್ಕಿನಲ್ಲಿ ಅವರ ಬದುಕಿನ ಜೊತೆ ಸಾವಿರಾರು ಹೆಂಗಸರ ಬದುಕೂ ಇರುತ್ತದೆ. ಎಷ್ಟನೇ ಹೆರಿಗೆ, ಮಗು ಉಳಿಯಿತೇ, ಬಾಣಂತಿಗೆ ನಂಜಾಯಿತೇ, ಗರ್ಭಪಾತ, ಮಕ್ಕಳಾಗದ ಚಿಂತೆ, ಗಂಡ ಹೊಡೆದ ಗಾಯ. ಲೇಡಿ ಡಾಕ್ಟರ್ ಹತ್ತಿರ ಮಾತ್ರ ಹೇಳಿಕೊಂಡ ಮಾತುಗಳು ಅವು. ಆ ಹೆಂಗಸರ ಮಕ್ಕಳು, ಮೊಮ್ಮಕ್ಕಳು ಅದೇ ಬೀದಿಯಲ್ಲಿ ಇರಬಹುದು.

ಇತಿಹಾಸಕ್ಕೆ ಈ ಪುಟಗಳು ಬಹಳ ಬೆಲೆಯುಳ್ಳವು. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರದ ಕಡೆಯಿಂದ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಮಾಡಿತು. ಆಗ ಅದು ಜಗತ್ತಿನಲ್ಲೇ ಅಪರೂಪದ ಹೆಜ್ಜೆ. ಆದೇಶದ ಪ್ರತಿ ಸರ್ಕಾರದ ಕಡತದಲ್ಲಿ ಸಿಗುತ್ತದೆ. ಆದರೆ ಕ್ಲಿನಿಕ್ಕಿಗೆ ಬಂದ ಹೆಂಗಸರು ಏನು ಕೇಳಿದರು, ಯಾಕೆ ಹಿಂಜರಿದರು ಎಂಬುದು ಅಲ್ಲಿ ಕೂತಿದ್ದ ಡಾಕ್ಟರಮ್ಮ, ನರ್ಸಮ್ಮಂದಿರಿಗೆ ಗೊತ್ತು. ಅವರು ಏನಾದರೂ ಬರೆದಿಟ್ಟಿದ್ದರೆ ಅದೇ ದಾಖಲೆ. ಹಾಗಾಗಿ ಹರಿಯಬೇಡಿ, ಸುಡಬೇಡಿ, ಹೆಸರಿನ ಮೇಲೆ ಇಂಕು ಬಳಿಯಬೇಡಿ. ಮೂಲವನ್ನು ಹಾಗೇ ಉಳಿಸಿ, ಬೀಗ ಹಾಕಿ ಇಡಿ.

ಆದರೆ ಫೇಸ್‌ಬುಕ್ಕಿಗೆ, ಮನೆಯವರ ವಾಟ್ಸಾಪ್ ಗುಂಪಿಗೆ ಆ ಪುಟಗಳ ಫೋಟೋ ಹಾಕಲೇಬೇಡಿ. ಯಾರಿಗಾದರೂ ತೋರಿಸಲೇಬೇಕಾದರೆ ಹೆಸರು, ಊರು, ವಿಳಾಸ ಮುಚ್ಚಿದ ಪ್ರತಿ ಮಾಡಿ. ಪತ್ರಾಗಾರಕ್ಕೆ ಕೊಡುವಾಗ "ಈ ಡಬ್ಬ ಇಷ್ಟು ವರ್ಷ ಮುಚ್ಚಿರಲಿ" ಎಂದು ಷರತ್ತು ಹಾಕಬಹುದು. ಅದನ್ನು ಬರಹದಲ್ಲೇ ಕೇಳಿ. ಆಸ್ಪತ್ರೆಯ ಮೂಲ ರಿಜಿಸ್ಟರೇ ಮನೆಯಲ್ಲಿ ಸಿಕ್ಕರೆ, ಅದು ಆಸ್ಪತ್ರೆಯ ಆಸ್ತಿ ಎಂಬುದು ನೆನಪಿರಲಿ. ಅವರಿಗೆ ತಿಳಿಸಿ ಮುಂದಿನದು ಮಾಡಿ.

ಪತ್ರಗಳಿಗೂ ಒಂದು ಮಾತು. ದೊಡ್ಡಮ್ಮನಿಗೆ ಬಂದ ಪತ್ರದ ಕಾಗದ ನಿಮ್ಮದು. ಅದರಲ್ಲಿನ ಬರಹದ ಹಕ್ಕು ಬರೆದವರದ್ದು. ನಮ್ಮ ಕಾನೂನಿನಲ್ಲಿ ಕೃತಿಸ್ವಾಮ್ಯ ಸಾಮಾನ್ಯವಾಗಿ ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಅಚ್ಚು ಹಾಕುವ ಮೊದಲು ಅವರ ಮನೆಯವರನ್ನು ಕೇಳಿ.

ಹೆಜ್ಜೆ 6: ಪಟ್ಟಿ ಮಾಡಿ, ಸ್ಕ್ಯಾನ್ ಮಾಡಿ

ಪಟ್ಟಿ ಮೊದಲು, ಸ್ಕ್ಯಾನ್ ಆಮೇಲೆ. ಬಹಳ ಜನ ಉಲ್ಟಾ ಮಾಡುತ್ತಾರೆ. ಕೊನೆಗೆ ಫೋನಿನಲ್ಲಿ ನಾನೂರು ಚಿತ್ರ ಇರುತ್ತವೆ, ಯಾವುದು ಏನು ಎಂದು ಯಾರಿಗೂ ಗೊತ್ತಿರುವುದಿಲ್ಲ.

ಪ್ರತಿ ಹಾಳೆಗೂ ನಂಬರ್ ಬೇಡ. ಡಬ್ಬಕ್ಕೊಂದು, ಕಟ್ಟಿಗೊಂದು ನಂಬರ್ ಸಾಕು. ಪಟ್ಟಿಯ ಒಂದು ಸಾಲು ಹೀಗಿರಲಿ: "ಡಬ್ಬ 2, ಕಟ್ಟು 5. ಅಮ್ಮ ಮತ್ತು ತಂಗಿಯಿಂದ ಬಂದ ಪತ್ರಗಳು, ಕನ್ನಡ. ಸುಮಾರು 30. ಎರಡು ನೆಂದಿವೆ." ತಾರೀಕು ಗೊತ್ತಿಲ್ಲದಿದ್ದರೆ ಅಂಚೆ ಮುದ್ರೆ ನೋಡಿ. ಅದೂ ಇಲ್ಲದಿದ್ದರೆ "ತಾರೀಕಿಲ್ಲ" ಎಂದೇ ಬರೆಯಿರಿ. ಊಹೆ ಮಾಡಿದ್ದರೆ ಊಹೆ ಎಂದು ಹೇಳಿ. ಹಾಳೆಯ ಮೇಲೆ ಬರೆಯಲೇಬೇಕಾದರೆ ಮೆತ್ತನೆಯ ಪೆನ್ಸಿಲ್ಲಿನಿಂದ, ಹಿಂಬದಿಯ ಮೂಲೆಯಲ್ಲಿ.

ಸ್ಕ್ಯಾನಿಗೆ ಬರಹವಾದರೆ 300 ಡಿಪಿಐ (ಚಿತ್ರ ಎಷ್ಟು ಸೂಕ್ಷ್ಮ ಎಂಬ ಅಳತೆ), ಫೋಟೋ ಆದರೆ 600. ಮೂಲ ಪ್ರತಿಯನ್ನು ಗುಣಮಟ್ಟ ಕೆಡದ ಟಿಫ್ ಫೈಲಾಗಿ ಉಳಿಸಿ, ಹಂಚಲು ಚಿಕ್ಕದಾದ ಜೆಪೆಗ್ ಫೈಲು ಮಾಡಿಕೊಳ್ಳಿ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ನಮಗೆ ಒಳ್ಳೆಯ ಸುಳಿವುಗಳೆಲ್ಲ ಸಿಕ್ಕಿದ್ದು ಹಿಂಬದಿಯಲ್ಲೇ. ಒಂದು ಸಮ್ಮೇಳನದ ಆಹ್ವಾನ ಪತ್ರಿಕೆಯ ಹಿಂದೆ ತರಕಾರಿ ಪಟ್ಟಿಯ ಜೊತೆಗೇ ಭಾಷಣದ ಮೊದಲ ನಾಲ್ಕು ಸಾಲು ಇತ್ತು. ಒಟ್ಟು ಮೂರು ಪ್ರತಿ ಇರಲಿ. ಎರಡು ಬೇರೆ ಬೇರೆ ಹಾರ್ಡ್ ಡಿಸ್ಕಿನಲ್ಲಿ, ಒಂದು ಬೇರೆ ಊರಿನ ನೆಂಟರ ಮನೆಯಲ್ಲೋ ಆನ್‌ಲೈನಿನಲ್ಲೋ. ಸ್ಕ್ಯಾನ್ ಆಯಿತೆಂದು ಮೂಲವನ್ನು ಎಸೆಯಬೇಡಿ.

ಹೆಜ್ಜೆ 7: ಕಾಗದದಲ್ಲಿ ಇಲ್ಲದ್ದನ್ನು ಕೇಳಿ ಬರೆದುಕೊಳ್ಳಿ

ಕಾಗದ ಬಿಟ್ಟು ಹೋಗದ ಹೆಂಗಸರೇ ಜಾಸ್ತಿ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಸಾವಿರಾರು ಹೆರಿಗೆ ಮಾಡಿಸಿದರು, ದುಡ್ಡು ಮುಟ್ಟಲಿಲ್ಲ. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಓದುಬರಹ ಕಲಿಯದ ಅವರ ಜ್ಞಾನ ಇದ್ದದ್ದು ಕೈಯಲ್ಲಿ, ಮಾತಿನಲ್ಲಿ. ಅಂಥವರ ದಾಖಲೆ ಅಂದರೆ ಅವರ ದನಿಯೇ.

ಆದ್ದರಿಂದ ನಿಮ್ಮ ವೈದ್ಯೆಯ ಜೊತೆ ದುಡಿದ ನರ್ಸು, ಆಯಾ, ಕಾಂಪೌಂಡರ್, ಲ್ಯಾಬ್ ಅಟೆಂಡರ್ ಯಾರಾದರೂ ಇದ್ದರೆ ಹುಡುಕಿಕೊಂಡು ಹೋಗಿ. ತಡ ಮಾಡಬೇಡಿ. ಕ್ರಿಶ್ಚಿಯನ್ ಸನ್ಯಾಸಿನಿಯರು ನಡೆಸಿದ ಆಸ್ಪತ್ರೆಗಳೂ ಈ ಊರಿನಲ್ಲಿ ಹಳೆಯವು. ಸೇಂಟ್ ಮಾರ್ಥಾಸ್ ಶುರುವಾದದ್ದು 1886ರಲ್ಲಿ. ಅಂಥ ಕಡೆ ದುಡಿದವರಾದರೆ ಹಳೇ ಸಿಸ್ಟರ್‌ಗಳು ನೆನಪಿಟ್ಟುಕೊಂಡಿರಬಹುದು.

ಹೋಗುವಾಗ ಒಂದೆರಡು ಹಳೇ ಫೋಟೋದ ಪ್ರತಿ ತೆಗೆದುಕೊಂಡು ಹೋಗಿ. "ನಿಮ್ಮ ಅನುಭವ ಹೇಳಿ ಸಿಸ್ಟರ್" ಎಂದರೆ ಎಲ್ಲರೂ ಎರಡು ಮಾತಿನಲ್ಲಿ ಮುಗಿಸುತ್ತಾರೆ. "ನೈಟ್ ಡ್ಯೂಟಿಗೆ ಹೇಗೆ ಹೋಗ್ತಿದ್ರಿ? ಊಟ ಎಲ್ಲಿ? ಮಕ್ಕಳನ್ನ ಯಾರು ನೋಡ್ಕೊಳ್ತಿದ್ರು? ಕರೆಂಟ್ ಹೋದ್ರೆ ಹೆರಿಗೆ ಹೇಗೆ ಮಾಡಿಸ್ತಿದ್ರಿ?" ಎಂದು ಕೇಳಿ. ಮಾತು ತಾನೇ ಬರುತ್ತದೆ. ರೆಕಾರ್ಡ್ ಮಾಡಲು ಮೊದಲೇ ಒಪ್ಪಿಗೆ ಕೇಳಿ, ಆ ಒಪ್ಪಿಗೆಯೂ ರೆಕಾರ್ಡಿನಲ್ಲಿ ಇರಲಿ. ಫ್ಯಾನ್ ಆರಿಸಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಅವರು ಸುಮ್ಮನಾದಾಗ ನೀವೂ ಸುಮ್ಮನಿರಿ. ಮುಂದಿನ ಪ್ರಶ್ನೆಗೆ ಅವಸರ ಮಾಡಬೇಡಿ. ಒಂದೂವರೆ ಗಂಟೆ ಸಾಕು, ಬೇಕಾದರೆ ಇನ್ನೊಂದು ದಿನ ಹೋಗಿ.

ಹೆಜ್ಜೆ 8: ಖಾಲಿ ಬಿಟ್ಟ ಜಾಗ ಎಲ್ಲಿ ತುಂಬುತ್ತದೆ?

ಸರ್ಕಾರಿ ಡಾಕ್ಟರಾಗಿದ್ದರೆ ಹಳೇ ಮೈಸೂರು ಗೆಜೆಟ್ ನೋಡಿ. ಅಧಿಕಾರಿಗಳ ನೇಮಕ, ವರ್ಗಾವಣೆ, ರಜೆ ಅದರಲ್ಲಿ ಅಚ್ಚಾಗುತ್ತಿತ್ತು. ಸಂಸ್ಥಾನದ ಕಾಲದ ಕಡತಗಳು ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯಲ್ಲಿವೆ. ಗುರುತಿನ ಚೀಟಿ, ಏನು ಹುಡುಕುತ್ತಿದ್ದೀರಿ ಎಂಬ ಪತ್ರ, ಮತ್ತೆ ಹೆಜ್ಜೆ 2ರ ಹೆಸರಿನ ಹಾಳೆ ಜೊತೆಗಿರಲಿ. ವಾಣಿ ವಿಲಾಸ ಆಸ್ಪತ್ರೆ 1935ರಲ್ಲಿ ಶುರುವಾಯಿತು. ಅದಕ್ಕಿಂತ ಮುಂಚಿನ ಹೆರಿಗೆ ವೈದ್ಯೆಯಾದರೆ ಬೇರೆ ಆಸ್ಪತ್ರೆಯ ಹೆಸರಿನಲ್ಲಿ ಹುಡುಕಬೇಕು.

ವಿಜ್ಞಾನಿಯಾಗಿದ್ದರೆ ಸಂಸ್ಥೆಯ ವಾರ್ಷಿಕ ವರದಿಗಳಲ್ಲಿ ವಿಭಾಗವಾರು ಹೆಸರು ಇರುತ್ತವೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಅಮೆರಿಕದ ಮಿಷಿಗನ್‌ನಿಂದ ಪಿಎಚ್‌ಡಿ ಪಡೆದು ಬಂದು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್, ಆಂಟೆನಾ ಕಲಿಸಿದ ರಾಜೇಶ್ವರಿ ಚಟರ್ಜಿಯವರಂಥವರ ಹೆಜ್ಜೆಗುರುತು ಅಂಥ ವರದಿ, ಪ್ರಬಂಧಗಳ ಪಟ್ಟಿಯಲ್ಲಿ ಸಿಗುತ್ತದೆ. ಅವರ ಕೈಕೆಳಗೆ ಓದಿದವರ ಪ್ರಬಂಧದ ಕೃತಜ್ಞತೆಯ ಪುಟವನ್ನೂ ಬಿಡಬೇಡಿ. ಅಚ್ಚಾದ ಲೇಖನದಲ್ಲಿ ಹೆಸರಿಲ್ಲದ ಹೆಂಗಸರು ಆ ಪುಟದಲ್ಲಿ ಇರುತ್ತಾರೆ. ಟೈಪ್ ಮಾಡಿದವರು, ಲೆಕ್ಕ ಹಾಕಿಕೊಟ್ಟವರು, ಸ್ಲೈಡು ತಯಾರಿಸಿದವರು.

ಹೆಜ್ಜೆ 9: ಕೊಡುವುದಾದರೆ ಯಾರಿಗೆ?

ಎಲ್ಲವನ್ನೂ ಕೊಡಲೇಬೇಕು ಅಂತಿಲ್ಲ. ಮನೆಯಲ್ಲಿ ನೋಡಿಕೊಳ್ಳುವವರಿದ್ದರೆ ಇಟ್ಟುಕೊಳ್ಳಿ. ಆದರೆ ಮುಂದಿನ ತಲೆಮಾರು ಊರು ಬಿಟ್ಟಿದ್ದರೆ ಕೊಡುವುದೇ ವಾಸಿ.

ಬಳ್ಳಾರಿ ರಸ್ತೆಯ ಜಿಕೆವಿಕೆ ಕ್ಯಾಂಪಸ್ಸಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರ ಇದೆ. ಎಲ್ಲರೂ ಎನ್‌ಸಿಬಿಎಸ್ ಎನ್ನುತ್ತಾರೆ. ಅಲ್ಲಿ 2019ರಲ್ಲಿ ಪತ್ರಾಗಾರವೊಂದು ತೆರೆಯಿತು. ಇತ್ತೀಚಿನ ಭಾರತದ ವಿಜ್ಞಾನದ ಇತಿಹಾಸಕ್ಕೆ ಸೇರಿದ ಪತ್ರ, ನೋಟ್‌ಬುಕ್ಕು, ಫೋಟೋ, ಧ್ವನಿಮುದ್ರಿಕೆಗಳನ್ನು ಅವರು ಸಂಗ್ರಹಿಸುತ್ತಾರೆ. ಜನಸಾಮಾನ್ಯರೂ ಹೋಗಿ ನೋಡಬಹುದು. ಭಾರತೀಯ ವಿಜ್ಞಾನ ಸಂಸ್ಥೆಗೆ ತನ್ನದೇ ಪತ್ರಾಗಾರ ಇದೆ. ಅಲ್ಲಿ ಓದಿದವರ, ದುಡಿದವರ ಕಾಗದಕ್ಕೆ ಅದು ಸರಿಯಾದ ಜಾಗ. ಮುಂಬೈಯ ಸ್ಪ್ಯಾರೋ ಸಂಸ್ಥೆ 1988ರಿಂದ ಹೆಂಗಸರ ಬದುಕಿನ ಧ್ವನಿ, ಚಿತ್ರಗಳನ್ನೇ ಸಂಗ್ರಹಿಸುತ್ತಾ ಬಂದಿದೆ.

ಟ್ರಂಕು ಹೊತ್ತುಕೊಂಡು ಸೀದಾ ಹೋಗಬೇಡಿ. ಮೊದಲು ಪಟ್ಟಿಯನ್ನೂ ನಾಲ್ಕೈದು ಫೋಟೋವನ್ನೂ ಇಮೇಲ್ ಮಾಡಿ. ಅವರು ಬಂದು ನೋಡಬಹುದು, ಬೇಡವೆನ್ನಲೂಬಹುದು. ಬೇಡ ಅಂದರೆ ಬೇಸರ ಪಡಬೇಡಿ, ಇನ್ನೊಂದು ಕಡೆ ಕೇಳಿ. ಒಪ್ಪಿದರೆ ದಾನಪತ್ರ ಬರಹದಲ್ಲಿ ಆಗಲಿ. ಸಹಿ ಹಾಕುವ ಮೊದಲು ಕೆಲವು ವಿಷಯ ಗಟ್ಟಿ ಮಾಡಿಕೊಳ್ಳಿ. ಯಾವ ಡಬ್ಬ ಎಷ್ಟು ವರ್ಷ ಮುಚ್ಚಿರಬೇಕು? ಆನ್‌ಲೈನಿನಲ್ಲಿ ಹಾಕಬಹುದೇ? ಬೇಡವಾದದ್ದನ್ನು ವಾಪಸ್ ಕೊಡುತ್ತಾರೋ, ವಿಲೇವಾರಿ ಮಾಡುತ್ತಾರೋ? ಮನೆಯವರಿಗೆ ಪ್ರತಿ ಸಿಗುತ್ತದೆಯೇ? ಸಂಗ್ರಹಕ್ಕೆ ಅವರದೇ ಹೆಸರು ಇಡುತ್ತಾರೆಯೇ? ಈ ಕೊನೆಯದನ್ನು ಒತ್ತಿ ಕೇಳಿ. ಗಂಡನೂ ವಿಜ್ಞಾನಿಯಾಗಿದ್ದರೆ ಇಬ್ಬರ ಕಾಗದವೂ ಗಂಡನ ಹೆಸರಿನಲ್ಲೇ ಸೇರಿಹೋಗುವುದುಂಟು. ಅಣ್ಣತಮ್ಮಂದಿರು, ಅಕ್ಕತಂಗಿಯರ ಒಪ್ಪಿಗೆಯನ್ನೂ ಬರಹದಲ್ಲಿ ಪಡೆಯಿರಿ.

ನಮ್ಮ ಟ್ರಂಕಿನಲ್ಲಿ ಒಂದು ಗುಂಪಿನ ಫೋಟೋ ಇದೆ. ಹೆರಿಗೆ ವಾರ್ಡಿನ ಮೆಟ್ಟಿಲ ಮೇಲೆ ದೊಡ್ಡಮ್ಮ, ಸುತ್ತ ಏಳು ಜನ ನರ್ಸುಗಳು. ನಾಲ್ವರ ಹೆಸರು ನಿವೃತ್ತ ಸಿಸ್ಟರ್ ಒಬ್ಬರು ಹೇಳಿದರು. ಐದನೆಯವರನ್ನು ಅವರ ಮಗಳೇ ಗುರುತು ಹಿಡಿದಳು. ಪಟ್ಟಿಯಲ್ಲಿ ಇನ್ನೆರಡು ಸಾಲು ಹಾಗೇ ಇವೆ: "ಎಡದಿಂದ ಮೂರನೆಯವರು, ಕನ್ನಡಕ. ಹೆಸರು ತಿಳಿಯಬೇಕು. ಬಲತುದಿಯವರು, ಕೈಯಲ್ಲಿ ಕೂಸು. ಹೆಸರು ತಿಳಿಯಬೇಕು." ಮುಂದಿನ ಭಾನುವಾರ ಕೋಲಾರಕ್ಕೆ ಹೋಗುತ್ತಿದ್ದೇನೆ. ಅಲ್ಲಿ ಆ ವಾರ್ಡಿನಲ್ಲಿ ಆಯಾ ಆಗಿದ್ದ ಅಜ್ಜಿಯೊಬ್ಬರು ಇದ್ದಾರಂತೆ.